ಹಾಸನದ ಯುವಕರ ಆಪ್ತಸಮಾಲೋಚನೆ ಕೇಂದ್ರ: ಒಂಬತ್ತು ತಿಂಗಳು ಹೋಗಿ ಬಂದ ಅನುಭವ

ಕಳೆದ ವರ್ಷ ಜುಲೈ ಮೊದಲ ವಾರ. ರಾತ್ರಿ ಒಂದೂವರೆಗೆ ನನ್ನ ಅಕ್ಕನ ಮಗ ರೂಮಿನ ಬಾಗಿಲು ಬಡಿದ. "ಚಿಕ್ಕಮ್ಮ, ಎದೆ ಹಿಡಿದುಕೊಂಡಂಗೆ ಆಗ್ತಿದೆ, ಕೈ ಜೋಮು ಹಿಡಿದಿದೆ" ಅಂದ. ಮೈಯೆಲ್ಲಾ ಬೆವರು. ವಯಸ್ಸು ಹತ್ತೊಂಬತ್ತು. ಅವನ ಊರು ಆಲೂರು ತಾಲ್ಲೂಕಿನ ಒಂದು ಹಳ್ಳಿ, ಡಿಗ್ರಿ ಓದಲು ಹಾಸನದಲ್ಲಿ ನಮ್ಮ ಮನೆಯಲ್ಲಿದ್ದಾನೆ.

ಆ ದಿನಗಳು ಹಾಸನದವರಿಗೆ ನೆನಪಿರುತ್ತವೆ. 2025ರ ಜೂನ್, ಜುಲೈ. ಸುಮಾರು ನಲವತ್ತು ದಿನಗಳಲ್ಲಿ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು ಅಂತ ಟಿವಿಯಲ್ಲಿ ದಿನವೂ ಬರುತ್ತಿತ್ತು, ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು, ಮೊಬೈಲಿನಲ್ಲಿ ಒಂದರ ಹಿಂದೆ ಒಂದು ಫೋಟೋ. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗ್ಗೆಯೇ ಸಾಲು ನಿಂತರು. ಆಮೇಲೆ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಹಿಂದಿನದಕ್ಕೆ ಹೋಲಿಸಿದರೆ ಅಸಹಜ ಏರಿಕೆ ಏನೂ ಇಲ್ಲ ಅಂತ ಅವರು ವರದಿ ಕೊಟ್ಟರು. ಆದರೆ ವರದಿ ಬರುವಷ್ಟರಲ್ಲಿ ಹೆದರಿಕೆ ಮನೆ ಮನೆ ಹೊಕ್ಕಾಗಿತ್ತು.

ಆ ರಾತ್ರಿ ಆಸ್ಪತ್ರೆಗೆ ಓಡಿದೆವು. ಇಸಿಜಿ ಸರಿ ಇತ್ತು. ವಾರದಲ್ಲಿ ಇನ್ನೂ ಎರಡು ಸಲ ಹೋದೆವು. ಎಕೋ ಮಾಡಿಸಿದೆವು, ರಕ್ತ ಪರೀಕ್ಷೆ ಆಯಿತು. ಎಲ್ಲಾ ಸರಿ. ಮೂರನೇ ಸಲ ಡ್ಯೂಟಿಯಲ್ಲಿದ್ದ ಡಾಕ್ಟರ್ ಸಮಾಧಾನವಾಗಿ ಕೂರಿಸಿ ಹೇಳಿದರು: "ಹೃದಯ ಚೆನ್ನಾಗಿದೆ. ಇದು ಪ್ಯಾನಿಕ್ ಅಟ್ಯಾಕ್. ಯಾರಾದರೂ ಕೌನ್ಸೆಲರ್ ಹತ್ತಿರ ಹೋಗಿ." ಅಕ್ಕ ಊರಿನಿಂದ ಫೋನ್ ಮಾಡಿ, ಗಾಳಿ ಸೋಕಿರಬೇಕು, ಯಂತ್ರ ಕಟ್ಟಿಸೋಣ ಅಂದಳು. ಭಾವ, ಮೊಬೈಲ್ ಕಿತ್ತುಕೊಂಡರೆ ಸರಿ ಹೋಗ್ತಾನೆ ಅಂದರು. ನನಗೂ ಏನೂ ಗೊತ್ತಿರಲಿಲ್ಲ. ಪಕ್ಕದ ಬೀದಿಯ ಆಶಾ ಕಾರ್ಯಕರ್ತೆಯೊಬ್ಬರು ಈ ಕೇಂದ್ರದ ಬಗ್ಗೆ ಹೇಳಿದರು.

ಕೇಂದ್ರದ ಹೆಸರು ಬರೆಯುತ್ತಿಲ್ಲ. ಕೆಳಗೆ ಅದರ ಬಗ್ಗೆ ಎರಡು ದೂರುಗಳನ್ನೂ ಬರೆದಿದ್ದೇನೆ, ಅಲ್ಲಿ ಕೆಲಸ ಮಾಡುವವರಿಗೆ ಅದರಿಂದ ತೊಂದರೆ ಆಗುವುದು ನನಗೆ ಬೇಡ. ಅಲ್ಲಿಗೆ ಬರುವ ಮಕ್ಕಳ ಗುಟ್ಟು ಉಳಿಯಬೇಕು ಅನ್ನುವುದೂ ಇದೆ. ಹಾಸನದಲ್ಲಿ ಆಶಾ ಕಾರ್ಯಕರ್ತೆಯರನ್ನೋ ಕಾಲೇಜಿನ ಲೆಕ್ಚರರ್‌ಗಳನ್ನೋ ಕೇಳಿದರೆ ದಾರಿ ಹೇಳುತ್ತಾರೆ. ಇದನ್ನೆಲ್ಲಾ ಬರೆಯಲು ಹುಡುಗನೂ ಒಪ್ಪಿದ್ದಾನೆ, ಅವನು ಓದಿ ಸರಿ ಅಂದ ಮೇಲೆಯೇ ಹಾಕುತ್ತಿದ್ದೇನೆ.

ಒಂದು ಹಳೇ ಹೆಂಚಿನ ಮನೆ. ಬಾಡಿಗೆಯದು. ಮುಂದೆ ಸಪೋಟಾ ಮರ. ಬೋರ್ಡಿನಲ್ಲಿ "ಯುವಕರ ಕೇಂದ್ರ" ಅಂತ ಮಾತ್ರ ಇದೆ, ಮಾನಸಿಕ ಅನ್ನುವ ಪದವೇ ಇಲ್ಲ. ಮೊದಲು ನನಗೆ ಇದು ಮುಚ್ಚಿಡುವ ಬುದ್ಧಿ ಅನ್ನಿಸಿತ್ತು. ಈಗ ಅರ್ಥವಾಗಿದೆ. ಒಳಗೆ ಹೋಗುವಾಗ ಪರಿಚಯದವರು ಯಾರಾದರೂ ನೋಡಿದರೂ ಹುಡುಗ ಕೇರಂ ಆಡಲು ಹೋದ ಅಂದುಕೊಳ್ಳುತ್ತಾರೆ, ಅಷ್ಟೇ. ನಿಜಕ್ಕೂ ಒಳಗೆ ಎರಡು ಕೇರಂ ಬೋರ್ಡ್ ಇವೆ, ಒಂದು ಕಪಾಟು ತುಂಬ ಪುಸ್ತಕ, ಹಿಂದೆ ವಾಲಿಬಾಲ್ ಕಟ್ಟಲು ಜಾಗ. ಒಳಗಿನ ಎರಡು ಚಿಕ್ಕ ಕೋಣೆಗಳಲ್ಲಿ ಕೌನ್ಸೆಲರ್‌ಗಳು ಕೂರುತ್ತಾರೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಚೀಟಿ ಮಾಡಿಸಬೇಕಿಲ್ಲ, ಆಧಾರ್ ಕೇಳುವುದಿಲ್ಲ. ಹೆಸರು, ಊರು, ಫೋನ್ ನಂಬರ್ ಬರೆದರೆ ಸಾಕು.

ಮೊದಲ ದಿನ ಹುಡುಗ ಒಳಗೆ ಹೋಗಲು ಒಪ್ಪಲಿಲ್ಲ. "ನಾನೇನು ಹುಚ್ಚನಾ?" ಅಂತ ಗೇಟಿನ ಹತ್ತಿರವೇ ನಿಂತ. ಕೌನ್ಸೆಲರ್ ಮೇಡಂ ಒಬ್ಬರು ಹೊರಗೆ ಬಂದರು. ಬಂದವರು ಕಾಯಿಲೆ ಸುದ್ದಿ ಎತ್ತಲಿಲ್ಲ. ಊಟ ಆಯ್ತಾ ಅಂತ ಕೇಳಿದರು, ಊರು ಯಾವುದು ಅಂತ ಕೇಳಿದರು. ಆಲೂರು ಕಡೆ ಅಂದಾಗ, ಈ ಸಲ ಶುಂಠಿ ಹಾಕಿದ್ದೀರಾ ಅಂದರು. ಭಾವನಿಗೆ ಹಿಂದಿನ ವರ್ಷ ಶುಂಠಿ ರೇಟು ಬಿದ್ದು ಸಾಲ ಆಗಿತ್ತು. ಆ ಮಾತು ಬಂದಿದ್ದೇ ತಡ ಹುಡುಗ ಇಪ್ಪತ್ತು ನಿಮಿಷ ನಿಂತಲ್ಲೇ ಮಾತಾಡಿದ, ಮನೆಯಲ್ಲಿ ಯಾರ ಹತ್ತಿರವೂ ಹೇಳದಿದ್ದನ್ನು ಆ ಸಪೋಟಾ ಮರದ ಕೆಳಗೆ ಹೇಳಿದ, ಸಾಲಗಾರರು ಮನೆಗೆ ಬಂದಿದ್ದು, ಅಪ್ಪ ರಾತ್ರಿ ಅಂಗಳದಲ್ಲಿ ಒಬ್ಬರೇ ಕೂತಿರುತ್ತಿದ್ದುದು, ಅಪ್ಪನಿಗೆ ಏನಾದರೂ ಆದರೆ ಓದು ಬಿಟ್ಟು ಊರಿಗೆ ಹೋಗಬೇಕಾಗುತ್ತದೆ ಅನ್ನುವ ಭಯ. ನಾನು ಪಕ್ಕದಲ್ಲೇ ನಿಂತಿದ್ದೆ. ಅದರಲ್ಲಿ ಅರ್ಧ ನನಗೆ ಗೊತ್ತೇ ಇರಲಿಲ್ಲ. ಒಂದು ವರ್ಷದಿಂದ ನನ್ನ ಮನೆಯಲ್ಲಿ ಉಣ್ಣುತ್ತಿದ್ದ ಹುಡುಗ.

ಚಿಕಿತ್ಸೆ ಹೇಗಿತ್ತು ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅಲ್ಲಿ ಸುಮ್ನೆ ಮಾತಾಡಿ ಕಳಿಸುತ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಮೊದಲು ಆಸ್ಪತ್ರೆಯ ರಿಪೋರ್ಟ್‌ಗಳನ್ನೆಲ್ಲಾ ತರಿಸಿ ನೋಡಿದರು. ಹೃದಯದ ಪರೀಕ್ಷೆ ಆಗಿದೆ ಅಂತ ಖಾತ್ರಿಯಾದ ಮೇಲೆಯೇ ಮುಂದಿನ ಮಾತು. ಆಮೇಲೆ ಅವನಿಗೆ ಒಂದು ಹಾಳೆಯಲ್ಲಿ ಚಕ್ರ ಬರೆದು ತೋರಿಸಿದರು. ಹಾವು ಕಂಡರೆ ನಮ್ಮ ಮೈ ಏನು ಮಾಡುತ್ತದೆ? ಎದೆ ಜೋರಾಗಿ ಬಡಿಯುತ್ತದೆ, ಉಸಿರು ವೇಗವಾಗುತ್ತದೆ, ಬೆವರು ಬರುತ್ತದೆ. ಓಡಲು ಮೈ ತಯಾರಾಗುವ ರೀತಿ ಅದು. ಪ್ಯಾನಿಕ್ ಅಟ್ಯಾಕ್‌ನಲ್ಲಿ ಹಾವು ಇರುವುದಿಲ್ಲ, ಮೈ ಮಾತ್ರ ತಯಾರಾಗಿಬಿಡುತ್ತದೆ. ಆಗ ನಾವು ಹಾರ್ಟ್ ಅಟ್ಯಾಕ್ ಅಂದುಕೊಳ್ಳುತ್ತೇವೆ. ಹಾಗೆ ಅಂದುಕೊಂಡ ತಕ್ಷಣ ಹೆದರಿಕೆ ಜಾಸ್ತಿ ಆಗುತ್ತದೆ, ಹೆದರಿಕೆಗೆ ಎದೆ ಇನ್ನೂ ಜೋರಾಗಿ ಬಡಿಯುತ್ತದೆ. ಉಸಿರು ಜೋರಾಗಿ ಎಳೆದು ಬಿಟ್ಟು ಮಾಡುವುದರಿಂದಲೇ ಕೈ ಜೋಮು ಹಿಡಿಯುತ್ತದೆಯಂತೆ. ಇದನ್ನು ಕೇಳಿದಾಗ ಹುಡುಗನ ಮುಖ ಬದಲಾಯಿತು. ಅವನಿಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಆಗಿದ್ದು ಆ ಜೋಮೇ.

ಎರಡನೇ ವಾರ ಮೇಡಂ ಅವನನ್ನು ಮೆಟ್ಟಿಲು ಹತ್ತಿಸಿದರು. ಪಕ್ಕದ ಕಟ್ಟಡದ ಮೂರು ಮಹಡಿ, ಜೊತೆಗೆ ತಾವೂ ಹತ್ತಿದರು. ಮೇಲೆ ಹೋಗಿ ಕೈ ನಾಡಿ ಹಿಡಿದು ಎಣಿಸು ಅಂದರು. ಜೋರಾಗಿತ್ತು. ಅಲ್ಲೇ ಕೂತು ಐದು ನಿಮಿಷ ಬಿಟ್ಟು ಮತ್ತೆ ಎಣಿಸು ಅಂದರು. ಇಳಿದಿತ್ತು. ಎದೆ ಜೋರಾಗಿ ಬಡಿದರೂ ಏನೂ ಆಗುವುದಿಲ್ಲ, ತಾನಾಗೇ ಇಳಿಯುತ್ತದೆ ಅಂತ ಮಾತಿನಲ್ಲಿ ನೂರು ಸಲ ಹೇಳಿದ್ದರೂ ಅವನು ನಂಬುತ್ತಿರಲಿಲ್ಲ. ಮೆಟ್ಟಿಲು ನಂಬಿಸಿತು. ಅವನು ಬಸ್ ಹತ್ತುವುದನ್ನು ಬಿಟ್ಟಿದ್ದ, ಜನ ಇರುವ ಕಡೆ ಹೋಗುತ್ತಿರಲಿಲ್ಲ, ಕಾಲೇಜಿನಲ್ಲಿ ಬಾಗಿಲ ಪಕ್ಕವೇ ಕೂರುತ್ತಿದ್ದ. ಅದನ್ನೆಲ್ಲಾ ಪಟ್ಟಿ ಮಾಡಿಸಿ, ಕಡಿಮೆ ಹೆದರಿಕೆಯದ್ದರಿಂದ ಶುರು ಮಾಡಿಸಿದರು. ಮೊದಲು ಎನ್.ಆರ್. ಸರ್ಕಲ್ ತನಕ ನಡೆದು ಬರುವುದು. ಆಮೇಲೆ ಸಂತೆಪೇಟೆ ಸಂಜೆ ಹೊತ್ತಿನಲ್ಲಿ. ಆಮೇಲೆ ಬೇಲೂರಿಗೆ ಬಸ್ಸಿನಲ್ಲಿ ಹೋಗಿ ವಾಪಸ್.

ಪಟ್ಟಿಯ ಕೊನೆಯಲ್ಲಿ ಅವನೇ ಬರೆದಿದ್ದು ಹಾಸನಾಂಬೆ ದರ್ಶನ. ವರ್ಷಕ್ಕೊಂದೇ ಸಲ ಬಾಗಿಲು ತೆಗೆಯುವ ದೇವಸ್ಥಾನ, ಆ ಜನ ಹೇಗಿರುತ್ತದೆ ಅಂತ ಬೇರೆ ಊರಿನವರಿಗೂ ಗೊತ್ತು. ಅಕ್ಟೋಬರ್‌ನಲ್ಲಿ ಗೆಳೆಯನ ಜೊತೆ ಧರ್ಮದರ್ಶನದ ಸಾಲಿನಲ್ಲಿ ನಿಂತ. ಗಂಟೆಗಟ್ಟಲೆ ನಿಂತ. ಮಧ್ಯದಲ್ಲಿ ಒಮ್ಮೆ ಎದೆ ಬಡಿತ ಶುರುವಾಯಿತಂತೆ, ಸಾಲು ಬಿಡಲಿಲ್ಲ, ಅದು ಹತ್ತು ನಿಮಿಷದಲ್ಲಿ ಇಳಿಯಿತು. ಮನೆಗೆ ಬಂದು ಪ್ರಸಾದ ಕೈಗಿಟ್ಟ. ನಾನು ಅವತ್ತು ಅಡುಗೆಮನೆಗೆ ಹೋಗಿ ಅತ್ತೆ.

ನನಗೆ ಇಷ್ಟವಾದ ಇನ್ನೊಂದು ವಿಷಯ ಅಂದರೆ ಅವರು ನನಗೂ ಎಲ್ಲಾ ಹೇಳಲಿಲ್ಲ. "ಅವನು ಏನು ಹೇಳ್ತಾನೆ ಮೇಡಂ?" ಅಂತ ನಾನು ಕೇಳಿದೆ. "ಅವನ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಮಾತ್ರ ನಿಮಗೆ ಹೇಳ್ತೀನಿ, ಉಳಿದದ್ದು ಅವನೇ ಹೇಳಬೇಕು" ಅಂದರು. ಮೊದಲು ಬೇಜಾರಾಯಿತು. ಆದರೆ ಆ ಮಾತಿನಿಂದಲೇ ಅವನು ಅಲ್ಲಿ ಬಾಯಿ ಬಿಟ್ಟಿದ್ದು.

ಅವರು ಮಾತ್ರೆ ಕೊಡುವುದಿಲ್ಲ. ಮಾತ್ರೆ ಬೇಕಾದವರನ್ನು ಹಾಸನದ ಸರ್ಕಾರಿ ದೊಡ್ಡಾಸ್ಪತ್ರೆ ಹಿಮ್ಸ್‌ನ ಮನೋವೈದ್ಯಕೀಯ ವಿಭಾಗಕ್ಕೆ ಕಳಿಸುತ್ತಾರೆ. ನಾವು ಹೋಗುತ್ತಿದ್ದಾಗ ಒಬ್ಬ ಹುಡುಗಿ ನಿದ್ದೆಯೇ ಮಾಡದೆ, ಯಾರೋ ತನ್ನ ಬಗ್ಗೆ ಮಾತಾಡುತ್ತಾರೆ ಅನ್ನುತ್ತಿದ್ದಳು. ಅವತ್ತೇ ಅವಳ ಅಮ್ಮನ ಜೊತೆ ಫೀಲ್ಡ್ ವರ್ಕರ್ ಆಸ್ಪತ್ರೆಗೆ ಹೋದರು, ಸಾಲಿನಲ್ಲಿ ನಿಂತರು, ಚೀಟಿ ಮಾಡಿಸಿದರು. ಹಳ್ಳಿಯಿಂದ ಬಂದವರಿಗೆ ಆ ದೊಡ್ಡ ಆಸ್ಪತ್ರೆಯಲ್ಲಿ ಯಾವ ಬಾಗಿಲು ಅಂತ ತೋರಿಸುವವರು ಸಿಕ್ಕರೆ ಅರ್ಧ ಕೆಲಸ ಆದಂತೆ.

ಹಳ್ಳಿ ಕಡೆಯ ಕೆಲಸ ನಾನು ಒಂದೇ ಸಲ ನೋಡಿದ್ದು, ದುದ್ದದ ಹತ್ತಿರ ಒಂದು ಊರಿನಲ್ಲಿ. ಸ್ಟೇಜ್ ಇಲ್ಲ, ಮೈಕ್ ಇಲ್ಲ. ಅರಳಿಕಟ್ಟೆ ಮೇಲೆ ಹುಡುಗರ ಜೊತೆ ಕೂತು ಮಾತು. ಅದೇ ಊರಿನ ಇಬ್ಬರು ಹೆಂಗಸರಿಗೆ ತರಬೇತಿ ಕೊಟ್ಟಿದ್ದಾರೆ, ಯಾರ ಮನೆಯ ಹುಡುಗ ಊಟ ಬಿಟ್ಟಿದ್ದಾನೆ, ಯಾರು ಕಾಲೇಜು ಬಿಟ್ಟು ಮಲಗಿದ್ದಾರೆ ಅಂತ ಅವರಿಗೆ ಮೊದಲು ಗೊತ್ತಾಗುತ್ತದೆ. ಡಾಕ್ಟರ್ ಅಲ್ಲದವರು ಇದನ್ನು ಮಾಡಬಹುದಾ ಅಂತ ನನಗೆ ಅನುಮಾನ ಇತ್ತು. ಮೇಡಂ ಜಿಂಬಾಬ್ವೆಯ ಕಥೆ ಹೇಳಿದರು. ಅಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟೇ ಇದ್ದರಂತೆ. ಡಿಕ್ಸನ್ ಚಿಬಾಂಡಾ ಅನ್ನುವ ಡಾಕ್ಟರ್ 2006ರಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟು, ಆಸ್ಪತ್ರೆ ಅಂಗಳದ ಬೆಂಚಿನ ಮೇಲೆ ಕೂರಿಸಿ ಜನರ ಕಷ್ಟ ಕೇಳಿಸಿದರು. ಆಮೇಲೆ ಅದನ್ನು ಅಧ್ಯಯನ ಮಾಡಿದಾಗ ನಿಜಕ್ಕೂ ಗುಣ ಕಂಡಿತು. ನಮ್ಮಲ್ಲೂ ಗೋವಾದ ಸಂಗಾತ್ ಸಂಸ್ಥೆ ಇದೇ ರೀತಿ ಸಾಮಾನ್ಯ ಜನರನ್ನು ತಯಾರು ಮಾಡಿ ತೋರಿಸಿದೆ. ಬೆಂಚಿನ ಬದಲು ನಮಗೆ ಅರಳಿಕಟ್ಟೆ ಇದೆ, ಜಗಲಿ ಇದೆ. ಅಜ್ಜಿಯರಂತೂ ಇದ್ದೇ ಇದ್ದಾರೆ.

ಇನ್ನು ದೂರುಗಳು.

ನವೆಂಬರ್‌ನಲ್ಲಿ ಒಂದು ದಿನ ಹೋದಾಗ ಆ ಮೇಡಂ ಇರಲಿಲ್ಲ. ಕೆಲಸ ಬಿಟ್ಟಿದ್ದರು. ಮೂರು ತಿಂಗಳಿಂದ ಸಂಬಳ ಬಂದಿರಲಿಲ್ಲವಂತೆ, ದುಡ್ಡು ಕೊಡುವ ಕಂಪನಿಯಿಂದ ಮುಂದಿನ ಕಂತು ತಡವಾಗಿತ್ತು. ಅವರಿಗೂ ಮನೆ ಬಾಡಿಗೆ ಇದೆ, ಮಗುವಿನ ಸ್ಕೂಲ್ ಫೀಸ್ ಇದೆ. ಅವರನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ನಮಗೆ ಯಾರೂ ಮೊದಲೇ ಹೇಳಲಿಲ್ಲ. ಹೊಸಬರು ಬಂದು ಹೊಸ ಫಾರಂ ಇಟ್ಟು, ಮೊದಲಿನಿಂದ ಹೇಳಿ ಅಂದರು. ಹುಡುಗ ಹದಿನೈದು ನಿಮಿಷ ಕೂತು ಎದ್ದು ಬಂದ. "ಮತ್ತೆ ಅಪ್ಪನ ಸಾಲದಿಂದ ಶುರು ಮಾಡಬೇಕಾ ಚಿಕ್ಕಮ್ಮ?" ಅಂದ. ಆರು ವಾರ ಆ ಕಡೆ ತಲೆ ಹಾಕಲಿಲ್ಲ. ಡಿಸೆಂಬರ್‌ನಲ್ಲಿ ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಾಗ ರಾತ್ರಿಯ ಎದೆ ಬಡಿತ ಮತ್ತೆ ಶುರುವಾಯಿತು. ಮೆಟ್ಟಿಲು ಹತ್ತಿ ಇಳಿದು, ಹಾಸನಾಂಬೆ ಸಾಲಿನಲ್ಲಿ ನಿಂತು ಕಷ್ಟಪಟ್ಟು ಗಳಿಸಿದ್ದು ಕೈ ಜಾರುವುದನ್ನು ಎದುರಿಗೇ ನೋಡುವುದು ಎಷ್ಟು ಸಂಕಟ ಅಂತ ಅನುಭವಿಸಿದವರಿಗೆ ಗೊತ್ತು. ಸಕ್ಕರೆ ಕಾಯಿಲೆಗೆ ಡಾಕ್ಟರ್ ಬದಲಾದರೆ ಚೀಟಿ ನೋಡಿ ಮಾತ್ರೆ ಬರೆಯಬಹುದು. ಇಲ್ಲಿ ಆ ಮನುಷ್ಯರೇ ಔಷಧಿ.

ಎರಡನೆಯದು ಫೋಟೋ. ಹೊಸ ವರ್ಷ ಆದ ಮೇಲೆ ಕಂಪನಿಯಿಂದ ನಾಲ್ಕೈದು ಜನ ಬಂದರು. ಬ್ಯಾನರ್ ಕಟ್ಟಿದರು, ಕೇಂದ್ರದ ಹೆಸರಿಗಿಂತ ಕಂಪನಿ ಹೆಸರು ಎರಡು ಪಟ್ಟು ದೊಡ್ಡದು. ಅದು ಇರಲಿ, ದುಡ್ಡು ಕೊಟ್ಟವರ ಹೆಸರು ಹಾಕುವುದರಲ್ಲಿ ತಪ್ಪಿಲ್ಲ. ಆಮೇಲೆ ಅವತ್ತು ಬಂದಿದ್ದ ಮಕ್ಕಳನ್ನೆಲ್ಲಾ ಬ್ಯಾನರ್ ಮುಂದೆ ನಿಲ್ಲಿಸಿದರು. ಒಪ್ಪಿಗೆ ಕೇಳಲಿಲ್ಲ. ಆವತ್ತು ನಮ್ಮ ಹುಡುಗ ಎಷ್ಟೋ ದಿನದ ಮೇಲೆ ಮತ್ತೆ ಹೋಗಿದ್ದ, ಹಿಂದಿನ ಅಡುಗೆಮನೆಯಲ್ಲಿ ಅಡಗಿ ಕೂತನಂತೆ. ಇಬ್ಬರು ಹುಡುಗಿಯರು ಶಾಲು ಮುಖಕ್ಕೆ ಎಳೆದುಕೊಂಡು ನಿಂತಿದ್ದರು. ಮನೆಯಲ್ಲಿ ಟ್ಯೂಷನ್‌ಗೆ ಹೋಗ್ತೀನಿ ಅಂತ ಹೇಳಿ ಬರುವ ಮಕ್ಕಳಿದ್ದಾರೆ ಅಲ್ಲಿ. ಒಂದು ಫೋಟೋ ಊರಿನ ವಾಟ್ಸಾಪ್ ಗುಂಪಿಗೆ ಹೋದರೆ ಏನಾಗುತ್ತದೆ ಅಂತ ಯಾರಾದರೂ ಯೋಚಿಸಿದರಾ? 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಚಿಕಿತ್ಸೆ ಪಡೆಯುತ್ತಿರುವವರ ಫೋಟೋವನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಗಳಿಗೆ ಕೊಡಬಾರದು ಅಂತ ಇದೆ. ಇಂಥ ಕೇಂದ್ರಗಳಲ್ಲಿ ಅದೇ ಮರ್ಯಾದೆ ಪಾಲಿಸಬೇಕು, ಅಲ್ವಾ?

ನಾನು ಮಾರನೇ ದಿನವೇ ಹೋಗಿ ಕೇಂದ್ರದ ಹಿರಿಯರ ಹತ್ತಿರ ಜಗಳವನ್ನೇ ಮಾಡಿದೆ. ಅವರು ವಾದ ಮಾಡಲಿಲ್ಲ. ತಪ್ಪಾಯಿತು ಅಂದರು, ಕಂಪನಿಗೆ ಫೋನ್ ಮಾಡಿ ಮುಖ ಕಾಣುವ ಫೋಟೋಗಳನ್ನು ತೆಗೆಸಿದರು. ಈಗ ಯಾರೇ ದಾನಿ ಬಂದರೂ ಬೆಳಗ್ಗೆ, ಮಕ್ಕಳು ಬರುವುದಕ್ಕೆ ಮುಂಚೆ. ಫೋಟೋ ಬೇಕಿದ್ದರೆ ಕೇರಂ ಬೋರ್ಡ್, ಕಪಾಟು, ಮರ. ಕೌನ್ಸೆಲರ್ ಬದಲಾಗುವುದಾದರೆ ಹಳಬರು ಹೊಸಬರು ಇಬ್ಬರೂ ಕೂತು ಒಂದು ಸಲ ಭೇಟಿ ಮಾಡಿಸುವ ಪದ್ಧತಿಯನ್ನೂ ತಂದಿದ್ದಾರೆ. ದೂರು ಹೇಳಿದರೆ ಕೇಳುವ ಜಾಗ ಇದು. ಹಾಗಾಗಿ ಕೇಂದ್ರದ ಮೇಲೆ ನನಗೆ ಗೌರವ ಹೆಚ್ಚಾಯಿತು.

ಅವತ್ತೇ ಅವರು ಲೆಕ್ಕದ ಪುಸ್ತಕ ತೆಗೆದು ತೋರಿಸಿದರು, ದುಡ್ಡು ಎಲ್ಲಿಂದ ಬರುತ್ತದೆ, ಯಾಕೆ ನಿಲ್ಲುತ್ತದೆ ಅಂತ. ಆಮೇಲೆ ನಾನೂ ಓದಿ ತಿಳಿದುಕೊಂಡೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು, ಅಂದರೆ ವರ್ಷಕ್ಕೆ 5 ಕೋಟಿ ನಿವ್ವಳ ಲಾಭ ಅಥವಾ 1000 ಕೋಟಿ ವಹಿವಾಟು ಅಥವಾ 500 ಕೋಟಿ ನಿವ್ವಳ ಆಸ್ತಿ ಇರುವವು, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಇದೇ ಸಿಎಸ್‌ಆರ್ ದುಡ್ಡು. ಇದು 2014ರ ಏಪ್ರಿಲ್‌ನಿಂದ ಇದೆ. ಒಳ್ಳೆಯ ಕಾನೂನು, ಇದಿಲ್ಲದಿದ್ದರೆ ಈ ಕೇಂದ್ರವೇ ಇರುತ್ತಿರಲಿಲ್ಲ. ಆದರೆ ಹಲವು ವರ್ಷ ನಡೆಯುವ ಒಂದು ಯೋಜನೆ ಅಂತ ತೋರಿಸಿದರೆ, ಶುರುವಾದ ವರ್ಷ ಬಿಟ್ಟು ಮೂರು ವರ್ಷ ಮಾತ್ರ ಅಂತ ನಿಯಮ. ಮುಗಿದ ಮೇಲೆ ಮತ್ತೆ ಹೊಸದಾಗಿ ಕೇಳಬೇಕು. ಎಷ್ಟೋ ಕಂಪನಿಗಳು ವರ್ಷ ವರ್ಷವೇ ನೋಡಿ ಕೊಡುತ್ತವೆ. ಹೈಸ್ಕೂಲಿನಲ್ಲಿ ಬರಲು ಶುರು ಮಾಡಿದ ಮಗು ಡಿಗ್ರಿಗೆ ಬರುವಷ್ಟರಲ್ಲಿ ಯೋಜನೆಯೇ ಮುಗಿದಿರುತ್ತದೆ.

ಇನ್ನೊಂದು ತೊಂದರೆ ಇದೆ. ಕಟ್ಟಡಕ್ಕೆ, ಕಂಪ್ಯೂಟರಿಗೆ, ಒಂದು ದಿನದ ಶಿಬಿರಕ್ಕೆ ದುಡ್ಡು ಕೊಡುವವರು ಸಿಗುತ್ತಾರೆ. ಸಂಬಳಕ್ಕೆ ಕೊಡಿ ಅಂದರೆ ಹಿಂದೆ ಸರಿಯುತ್ತಾರೆ, ಅದನ್ನು ಆಡಳಿತ ಖರ್ಚು ಅಂತ ನೋಡುತ್ತಾರೆ. ಸಿಎಸ್‌ಆರ್ ನಿಯಮದಲ್ಲಿ ಆಡಳಿತ ವೆಚ್ಚಕ್ಕೆ ಶೇಕಡಾ 5 ಮಿತಿ ಇರುವುದು ನಿಜ. ಆದರೆ ಆ ಮಿತಿ ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತದ ಖರ್ಚಿಗೆ. ಯೋಜನೆ ನಡೆಸಲು ನೇರವಾಗಿ ಬೇಕಾದ ಖರ್ಚು ಅದರಲ್ಲಿ ಬರುವುದಿಲ್ಲ. ಕೌನ್ಸೆಲರ್ ಸಂಬಳ ಅಂದರೆ ಯೋಜನೆಯೇ ಅದು! ಕೇಂದ್ರದಲ್ಲಿ ಈಗ ಮೂರು ಹೊಸ ಲ್ಯಾಪ್‌ಟಾಪ್ ಇವೆ, ಒಬ್ಬರು ಕೌನ್ಸೆಲರ್ ಕಡಿಮೆ ಇದ್ದಾರೆ. ಕಂಪನಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಕೈ ಮುಗಿದು ಕೇಳುತ್ತೇನೆ, ಲ್ಯಾಪ್‌ಟಾಪ್ ಬೇಡ, ಇಬ್ಬರ ಸಂಬಳವನ್ನು ತಿಂಗಳಿಗೆ ಸರಿಯಾಗಿ, ಮೂರು ವರ್ಷ ತಪ್ಪದೆ ಕೊಡಿ. ನಿಲ್ಲಿಸುವುದಾದರೆ ಆರು ತಿಂಗಳು ಮುಂಚೆ ಹೇಳಿ.

ದೊಡ್ಡ ದಾನಗಳೂ ಆಗುತ್ತಿವೆ, ಅದು ಸಂತೋಷದ ವಿಷಯವೇ. 2023ರಲ್ಲಿ ರೋಹಿಣಿ ನಿಲೇಕಣಿ ಅವರು ನಿಮ್ಹಾನ್ಸ್ ಮತ್ತು ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್, ಈ ಎರಡು ಸಂಸ್ಥೆಗಳ ಮೆದುಳು, ಮನಸ್ಸಿನ ಸಂಶೋಧನೆಗೆ 100 ಕೋಟಿ ಕೊಟ್ಟರು. ದೀಪಿಕಾ ಪಡುಕೋಣೆ 2015ರಲ್ಲಿ ಶುರು ಮಾಡಿದ ಫೌಂಡೇಶನ್ ಮಾರನೇ ವರ್ಷವೇ ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ಕೆಲಸ ಆರಂಭಿಸಿತು. ಅಂಥದ್ದು ಪ್ರತಿ ಜಿಲ್ಲೆಗೂ ಬೇಕು. ನಿಮ್ಹಾನ್ಸ್ 2015–16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡಾ 7.3ರಷ್ಟು ಜನರಿಗೆ ಮಾನಸಿಕ ತೊಂದರೆ ಕಂಡಿತ್ತು. ನೂರು ಮಕ್ಕಳ ಶಾಲೆಯಲ್ಲಿ ಏಳು ಮಕ್ಕಳು. ನಮ್ಮ ಬೀದಿಯ ಶಾಲೆಯ ಗಂಟೆ ಹೊಡೆದು ಮಕ್ಕಳು ಹೊರಗೆ ಓಡಿ ಬರುವಾಗ ಈಗ ನನಗೆ ಆ ಏಳು ಜನ ನೆನಪಾಗುತ್ತಾರೆ.

ನಾವು ಕೈಲಾದಷ್ಟು ಮಾಡಿದ್ದೇವೆ. ನಾನು ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಡಿಸೆಂಬರ್‌ನಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದೇನೆ, ಗಿರಾಕಿಗಳಲ್ಲಿ ಹನ್ನೊಂದು ಜನ ಸೇರಿದ್ದಾರೆ. ಬಿ.ಎಂ. ರಸ್ತೆಯ ಒಬ್ಬ ಹೋಟೆಲಿನವರು ಸಂಜೆ ಮಕ್ಕಳಿಗೆ ಟೀ, ಬನ್ ಕಳಿಸುತ್ತಾರೆ. ಕೇಂದ್ರ ನಡೆಸುವ ಟ್ರಸ್ಟ್‌ಗೆ 80ಜಿ ಇದೆ, ಅಂದರೆ ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವ ಮಾನ್ಯತೆ, ರಸೀದಿ ಕೊಡುತ್ತಾರೆ. ಒಂದು ವಿಷಯ ಗಮನಿಸಿ: 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ತೆರಿಗೆ ರಿಯಾಯಿತಿ ಇಲ್ಲ, ಬ್ಯಾಂಕಿನಿಂದ ಕಳಿಸಿ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೂ ಈ ರಿಯಾಯಿತಿ ಸಿಗುವುದಿಲ್ಲ. ನಮ್ಮಂಥವರ ದುಡ್ಡಿನಿಂದ ಕೇಂದ್ರ ನಡೆಯುವುದಿಲ್ಲ, ಅದು ಗೊತ್ತು. ಆದರೆ ಕಂಪನಿ ಕಂತು ತಡವಾದಾಗ ಒಂದು ತಿಂಗಳ ಬಾಡಿಗೆಗೆ ಆಗುತ್ತದೆ, ಹೋದ ತಿಂಗಳು ಆಯಿತು ಕೂಡ.

ಹುಡುಗ ಜನವರಿ ಕೊನೆಯಿಂದ ಮತ್ತೆ ಹೋಗುತ್ತಿದ್ದಾನೆ. ಹೊಸ ಕೌನ್ಸೆಲರ್ ಗಂಡಸರು, ಮಾತು ಕಡಿಮೆ. ಹಳೇ ಮೇಡಂ ಬರೆದಿಟ್ಟಿದ್ದ ಫೈಲ್ ಪೂರ್ತಿ ಓದಿಕೊಂಡು ಎರಡನೇ ಭೇಟಿಗೆ ಬಂದಿದ್ದರು. "ಅಪ್ಪನ ವಿಷಯ ಓದಿದ್ದೀನಿ, ನಿನಗೆ ಬೇಕಾದಾಗ ಮಾತಾಡೋಣ, ಇವತ್ತು ಮೆಟ್ಟಿಲು ಹತ್ತೋಣ ಬಾ" ಅಂದರಂತೆ. ಅಷ್ಟು ಸಾಕಾಯಿತು ಅವನಿಗೆ. ಫೆಬ್ರವರಿಯಲ್ಲಿ ಭಾವನೂ ಒಂದು ಸಲ ಬಂದರು. ಮಗನ ವಿಷಯ ಕೇಳಲು ಅಂತ ಬಂದವರು ಒಂದು ಗಂಟೆ ಒಳಗಿದ್ದರು. ಏನು ಮಾತಾಯಿತು ಅಂತ ನಾನು ಕೇಳಲಿಲ್ಲ. ಹೊರಗೆ ಬಂದು ಮುಖ ತೊಳೆದುಕೊಂಡು, ಮಗನ ಜೊತೆ ಆಲೂರು ಬಸ್ ಹತ್ತಿದರು.

ಹೋಗುವವರಿಗೆ ಕೆಲವು ಮಾತು. ಸಂಜೆ ನಾಲ್ಕರಿಂದ ಏಳು ತುಂಬಾ ರಷ್ ಇರುತ್ತದೆ, ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋದರೆ ನಿಧಾನವಾಗಿ ಮಾತಾಡಬಹುದು. ಹುಡುಗಿಯರಿಗೆ ಶನಿವಾರ ಮಧ್ಯಾಹ್ನ ಬೇರೆ ಸಮಯ ಇಟ್ಟಿದ್ದಾರೆ, ಹೆಣ್ಣು ಕೌನ್ಸೆಲರ್ ಅವತ್ತು ಮಾತ್ರ ಬರುತ್ತಾರೆ. ಇದು ಸಾಲದು. ಅರಕಲಗೂಡು, ಆಲೂರು ಕಡೆಯಿಂದ ಬರುವ ಹುಡುಗಿಯರು ಕತ್ತಲಾಗುವ ಮುಂಚೆ ಬಸ್ ಹಿಡಿಯಬೇಕು, ಅರ್ಧ ಮಾತಿಗೆ ಎದ್ದು ಹೋಗುವುದನ್ನು ನೋಡಿದ್ದೇನೆ. ಶೌಚಾಲಯ ಒಂದೇ ಇದೆ, ಚಿಲಕ ಸರಿ ಇಲ್ಲ. ಅದನ್ನೂ ಹೇಳಿದ್ದೇನೆ.

ಕೇಂದ್ರದ ತನಕ ಬರಲು ಆಗದವರು, ರಾತ್ರಿ ಹೊತ್ತು ಸಂಕಟ ಆದವರು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರ್ 10ರಂದು ಶುರುವಾಯಿತು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಡಿಸೆಂಬರ್‌ನಲ್ಲಿ ನಮ್ಮ ಹುಡುಗ ಎರಡು ಸಲ ಮಾಡಿದ್ದ, ಎರಡು ಸಲವೂ ಆ ಕಡೆಯವರು ಅವನ ಉಸಿರು ಸಮ ಆಗುವ ತನಕ ಫೋನ್ ಇಡಲಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಬಗ್ಗೆಯೂ ವಿಚಾರಿಸಿ, ಮಾತ್ರೆ ಬೇಕಾದವರು ಹಾಸನದ ತನಕ ಅಲೆಯುವುದು ತಪ್ಪಬಹುದು. ಜೀವ ಬೇಡ ಅನ್ನುವ ಮಾತು ಮಕ್ಕಳ ಬಾಯಲ್ಲಿ ಬಂದರೆ ಕೇಂದ್ರ ತೆಗೆಯುವ ಹೊತ್ತಿಗೆ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಉಳಿದ ಒಂದು, ಇಬ್ಬರು ಕೌನ್ಸೆಲರ್‌ಗಳೂ ಒಂದು ವರ್ಷ ಪೂರ್ತಿ ಅದೇ ಕುರ್ಚಿಯಲ್ಲಿ ಕೂತಿದ್ದನ್ನು ನೋಡಿದ ದಿನ ಬಂದು ಸೇರಿಸುತ್ತೇನೆ. ಗುರುವಾರ ಹೋಗಬೇಡಿ, ಅವತ್ತು ಎಲ್ಲರೂ ಹಳ್ಳಿ ಕಡೆ ಹೋಗಿರುತ್ತಾರೆ, ಬಾಗಿಲಿಗೆ ಬೀಗ ಇರುತ್ತದೆ.